ಕಿಟಕಿಯ ಕಡೆ ತಿರುಗಿಸಿದ ಕ್ಯಾಮೆರಾ

ಸುಹರಾ ಬೆಟ್ಟದ ರಸ್ತೆಯ ಮಂಜಿನಲ್ಲಿ ಸಿಕ್ಕಿಕೊಂಡಿದ್ದಾಳೆಂದು ಫೋನ್ ಬಂದಾಗ, ತಪಾಸಣೆಯ ಅಧಿಕಾರಿ ಆಗಲೇ ಬಂದು ಸ್ಟುಡಿಯೋದಲ್ಲಿ ಕೂತಿದ್ದರು.

ಸಲಾಲಾದ ನಮ್ಮ ಪುಟ್ಟ ಟಿವಿ ಸ್ಟೇಷನ್‌ನಲ್ಲಿ ವಾರ್ತೆ ಓದುವವಳು ಅವಳೊಬ್ಬಳೇ. ಅಪ್ಪ ಶೇಖಪ್ಪ ಟ್ರಾನ್ಸ್‌ಮಿಟರ್ ನೋಡಿಕೊಳ್ಳುತ್ತಿದ್ದರು. ಡಿಗ್ರಿ ಮುಗಿಸಿ ಬಂದ ನಾನು ಟೇಪುಗಳಿಗೆ ಚೀಟಿ ಅಂಟಿಸುತ್ತಿದ್ದೆ. ಯಾರೊಡನೆಯೂ ಮಾತಾಡಬೇಕಿಲ್ಲದ ಕೆಲಸ, ನನಗೆ ಒಗ್ಗಿತ್ತು.

ಆ ವರ್ಷದ ಹೊಸ ಕಾನೂನು ನಮ್ಮಂಥವರ ಪರವಾಗಿಯೇ ಇತ್ತು. ಸಣ್ಣ ಸ್ಟೇಷನ್ನಿನ ತರಂಗಾಂತರವನ್ನು ಯಾವ ದೊಡ್ಡ ಕಂಪನಿ ಕೇಳಿದರೂ ಕೊಡುವಂತಿಲ್ಲ. ಆದರೆ ಪ್ರತಿ ಸಂಜೆ ಊರಿನದೇ ಕಾರ್ಯಕ್ರಮ ನೇರ ಪ್ರಸಾರವಾಗಬೇಕು. ಮಸ್ಕತ್‌ನಿಂದ ಬರುವ ಟೇಪು ಹಾಕಿದರೆ ಲೆಕ್ಕಕ್ಕಿಲ್ಲ. ತಪಾಸಣೆಯಲ್ಲಿ ತಪ್ಪಿದರೆ ತರಂಗಾಂತರ ಹೋಯಿತು, ಅದರ ಜೊತೆ ಅಪ್ಪನ ವೀಸಾ.

"ನೀವಽ ಓದ್ರಲ್ಲ, ಹಂಝ ಸಾಹೇಬ್ರ," ಎಂದರು ಅಪ್ಪ.

ಮ್ಯಾನೇಜರ್ ಹಂಝ ಮಂಗಳೂರಿನವರು. "ನನ್ನದು ಮೀನು ಮಾರ್ಕೆಟಿನ ಅರಬ್ಬಿ ಮಾರಾಯ್ರೆ. ಬಂಗುಡೆ ರೇಟು ಎಷ್ಟು ಅಂತ ಜನ ಫೋನ್ ಮಾಡಿಯಾರು. ನಿಮ್ಮ ಮಗಳು?"

"ಈಕಿ? ಮನ್ಯಾಗ ಫೋನ್ ಬಡಕೊಂಡ್ರ ಅಡಗಿಮನಿಗೆ ಓಡ್ತಾಳ."

ನಾನು ಕಿಟಕಿಯತ್ತ ನೋಡಿದೆ. ಖರೀಫ್ ಮಳೆಗಾಲದ ತುಂತುರು, ತೆಂಗಿನ ತೋಟ, ಅದರಾಚೆ ಬೆಟ್ಟ ಹತ್ತುವ ರಸ್ತೆ.

"ಅಪ್ಪಾ, ಕ್ಯಾಮೆರಾ ಅತ್ತಾಗ ತಿರುಗಿಸಿದ್ರ?"

"ಅಲ್ಲೇನೈತಿ? ಮಳಿ."

"ಊರಿಂದಽ ಮಳಿ ಅಲ್ಲೇನು?"

ಅಪ್ಪ ಹಂಝರನ್ನು ನೋಡಿದರು. ಹಂಝ "ಯಲ್ಲಾ, ತಿರುಗಿಸಿ" ಎಂದರು.

ಪರದೆಯ ಮೇಲೆ ತೆಂಗಿನ ಗರಿಗಳು ಅಲ್ಲಾಡಿದವು. ಅಧಿಕಾರಿ ಹುಬ್ಬು ಗಂಟಿಕ್ಕಿದರು. ಅಷ್ಟರಲ್ಲಿ ಫೋನ್ ಬಂತು, ಯಾರೋ ಲಾರಿಯವನು. ಮೇಲಿನ ರಸ್ತೆಯಲ್ಲಿ ಮಂಜು ಎಷ್ಟಿದೆಯೆಂದು ಕಾಣುವಂತೆ ಸ್ವಲ್ಪ ಎಡಕ್ಕೆ ತಿರುಗಿಸಬೇಕಂತೆ. ಅಪ್ಪ ತಿರುಗಿಸಿದರು. ಮತ್ತೊಂದು ಫೋನ್.

"ಗಾಜು ಒರೆಸ್ಬೇಕಂತೆ," ಎಂದರು ಹಂಝ. "ಏನೂ ಕಾಣುದಿಲ್ಲ ಅಂತ ಬೈತಾರೆ."

ಬಟ್ಟೆ ತೆಗೆದುಕೊಂಡು ಬಾಲ್ಕನಿಗೆ ಹೋಗಿ ಒರೆಸಿದೆ. ಒಳಗಿನ ಪರದೆಯಲ್ಲಿ ನನ್ನದೇ ತೋಳು ಆಡುತ್ತಿರುವುದು ಆಮೇಲೆ ಕಂಡಿತು. ಕುಕ್ಕರುಗಾಲಲ್ಲಿ ಕೂತು, ಕೈ ಮಾತ್ರ ಮೇಲೆತ್ತಿ ಉಳಿದದ್ದನ್ನು ಒರೆಸಿದೆ.

ಒಳಗೆ ಬಂದಾಗ ಅಧಿಕಾರಿ ನಗುತ್ತಿದ್ದರು. ಅವರ ಅರಬ್ಬಿ ಮಾತನ್ನು ಹಂಝ ಕನ್ನಡದಲ್ಲಿ ಹೇಳಿದರು: "ಇದಕ್ಕಿಂತ ಊರಿನ ಕಾರ್ಯಕ್ರಮ ಇನ್ನೆಂಥದು ಅಂತ ಕೇಳ್ತಾರೆ. ಆದ್ರೆ ಸುಹರಾ ಬರುವವರೆಗೆ ನಿಲ್ಲಿಸ್ಲಿಕ್ಕಿಲ್ಲ, ನಿಲ್ಲಿಸಿದ್ರೆ ಖಲಾಸ್."

ಮತ್ತೆ ಫೋನ್. ಹಂಝ ರಿಸೀವರ್ ನನ್ನತ್ತ ಚಾಚಿದರು. "ನಿಮ್ಮಮ್ಮ."

"ಕೈಯಾಗಿನ ಆ ಹಸರ ಬಳಿ ನನ್ನವು ಅಲ್ಲೇನಽ? ಕೇಳದಽ ಹಾಕ್ಕೊಂಡ್ಹೋಗಿ, ಊರ ಮಂದಿ ಮುಂದ ಗಾಜ ಒರಸ್ಲಿಕ್ಕತ್ತೀಯಲ್ಲ!"

ರಿಸೀವರ್ ಕೆಳಗಿಡುವಷ್ಟರಲ್ಲಿ ಗಾಜು ಮತ್ತೆ ಮಬ್ಬಾಯಿತು. ಬಳೆಗಳನ್ನು ತೆಗೆದು ಮೇಜಿನ ಮೇಲಿಟ್ಟು, ಬಟ್ಟೆ ಹಿಡಿದು ಹೊರಗೆ ಹೋದೆ.