ಒಂದು ಬಡಿತ

ಬಿಸಿಗಾಳಿ ಊದುವ ಹೀಟ್ ಗನ್ ಇನ್ನೂ ಆ ಕಡೆ ಹೋಗಿರಲೇ ಇಲ್ಲ. ಆದರೂ ಕಾರಿನ ಹಿಂದಿನ ಎಡಬಾಗಿಲಿನ ತಗಡು ಒಂದು ಕಡೆ ಬೆಚ್ಚಗಿತ್ತು.

ಹೆಂಡತಿ ಕೈಗವಸು ಕಳಚಿ ಬರಿಗೈಯಲ್ಲಿ ಮತ್ತೆ ಮುಟ್ಟಿ ನೋಡಿದಳು. ಸುತ್ತಲೂ ಬೆರಳು ಜೋಮು ಹಿಡಿಯುವಷ್ಟು ತಣ್ಣಗೆ. ನಡುವೆ ಅಂಗೈಯಗಲ ಜಾಗ ಮಾತ್ರ, ಯಾರೋ ಈಗಷ್ಟೇ ಕೈಯಿಟ್ಟು ತೆಗೆದ ಹಾಗೆ. ಅವಳು ಗಂಡನನ್ನು ಕರೆಯಲಿಲ್ಲ. ಕರೆದರೆ ಅವನು ಭಾಷಣ ಶುರುಹಚ್ಚಿಕೊಳ್ಳುತ್ತಿದ್ದ.

ಅವನನ್ನು ಊರೆಲ್ಲ ಮೌನಿ ಎನ್ನುತ್ತಿತ್ತು. ಕಾರುಗಳ ಒಳಮೈಗೆ ರಬ್ಬರಿನಂಥ ಕರಿ ಹಾಳೆ ಅಂಟಿಸಿ ರಸ್ತೆಯ ಗದ್ದಲ ಒಳಗೆ ಬಾರದಂತೆ ಮಾಡುವುದು ಅವನ ಕಸುಬು. ಸ್ವಂತ ಬಾಯಿಗೆ ಬೀಗ ಹಾಕುವ ವಿದ್ಯೆ ಮಾತ್ರ ಅವನಿಗೆ ಒಲಿದಿರಲಿಲ್ಲ. ಇಂಥ ಚಳಿಯಲ್ಲಿ ಹಾಳೆ ಅಂಟಿದ ಹಾಗೆ ನಾಟಕವಾಡಿ ಆಮೇಲೆ ಕಳಚಿ ಬೀಳುತ್ತದೆ, ತಗಡನ್ನೂ ಹಾಳೆಯನ್ನೂ ಬಿಸಿ ಮಾಡಲೇಬೇಕು, ಆತುರಗಾರನಿಗೆ ಬುದ್ಧಿ ಮಟ್ಟ ಅಂತ ದೊಡ್ಡವರು ಸುಮ್ಮನೆ ಹೇಳಿಲ್ಲ ಎಂದು ಬೆಳಗಿನಿಂದ ಮೂರು ಸಲ ಹೇಳಿದ್ದ. ಆ ಗಾದೆ ಕೇಳಿದಾಗಲೆಲ್ಲ, ಸ್ಟೂಲಿನ ಮೇಲೆ ಮುದುರಿ ಕೂತಿದ್ದ ಡ್ರೈವರ್ ತಲೆ ತಗ್ಗಿಸುತ್ತಿದ್ದ.

ಕಾರು ಆ ಡ್ರೈವರನದೇ, ಬಾಡಿಗೆಗೆ ಓಡಿಸುತ್ತಿದ್ದ. ನಾಲ್ಕು ಬಾಗಿಲಿಗೂ ಹಾಳೆ ಹಾಕಿ, ಹಿಂದಿನ ಎಡಬಾಗಿಲಿಗೆ ಎರಡು ಪದರ ಹಾಕಿ ಅಂತ ಬಂದಿದ್ದ. ಅದಕ್ಕೊಂದಕ್ಕೆ ಯಾಕೆ ಹೆಚ್ಚು ಮರ್ಯಾದೆ ಅಂತ ಮೌನಿ ಕೆಣಕಿದ್ದಕ್ಕೆ ಎಲ್ಲವನ್ನೂ ಹೇಳಿಕೊಂಡ.

ಅವನನ್ನು ಸಾಕಿದವಳು ಅಕ್ಕ. ಬಸ್ ಕಂಡಕ್ಟರ್ ಆಗಿದ್ದವಳು. ಗಂಟಲಿನ ಆಪರೇಷನ್ ಆಗಿ ಮಾತು ನಿಂತುಹೋದ ಮೇಲೆ, ತಮ್ಮನ ಕಾರಿನ ಹಿಂದಿನ ಎಡಸೀಟಿನಲ್ಲಿ ಕೂತು ಬಾಗಿಲು ಬಡಿದೇ ಮಾತಾಡುತ್ತಿದ್ದಳು. ಬಸ್ಸಿನ ಬೆಲ್ಲಿನ ಹಾಗೇ: ಒಂದು ಬಡಿದರೆ ನಿಲ್ಲಿಸು, ಎರಡು ಬಡಿದರೆ ಹೊರಡು. ಎರಡು ಬಡಿಯುವ ತನಕ ಅವನು ಗಾಡಿ ಕದಲಿಸುತ್ತಲೇ ಇರಲಿಲ್ಲ. ಅದು ಅಕ್ಕತಮ್ಮಂದಿರ ತಮಾಷೆ. ಹೋದ ತಿಂಗಳು ಆಸ್ಪತ್ರೆಗೆ ಕರೆದೊಯ್ಯುವಾಗ, ಅರ್ಧದಾರಿಯಲ್ಲಿ ಅಕ್ಕ ಒಂದು ಸಲ ಬಡಿದಳು. ಅವನು ನಿಲ್ಲಿಸಲಿಲ್ಲ. ಇನ್ನಷ್ಟು ಜೋರಾಗಿ ಓಡಿಸಿದ. ಆಸ್ಪತ್ರೆಯ ಮುಂದೆ ತಿರುಗಿ ನೋಡಿದರೆ ಅಕ್ಕನ ಕೈ ಬಾಗಿಲ ಮೇಲೇ ಇತ್ತು. ಅಕ್ಕ ಹೋಗಿಬಿಟ್ಟಿದ್ದಳು.

ಆವತ್ತಿನಿಂದ ಪ್ರತಿ ಸಲವೂ ಗಾಡಿ ಹೊರಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿಂದಿನಿಂದ ಒಂದು ಬಡಿತ. ಹತ್ತಿದವರು ಅರ್ಧಕ್ಕೇ ಇಳಿದು ಹೋಗುತ್ತಿದ್ದರು.

"ಇದು ನಿಲ್ಲದಿದ್ರೆ ನಾನಿನ್ನು ಸ್ಟೇರಿಂಗ್ ಮುಟ್ಟೋದಿಲ್ಲ ಅಣ್ಣ," ಅಂದಿದ್ದ. "ನನಗೆ ಬೇರೆ ಕೆಲಸ ಬರೋದೂ ಇಲ್ಲ."

ಯಾವುದೋ ಬೋಲ್ಟ್ ಸಡಿಲವಾಗಿರಬೇಕು ಎಂದು ಮೌನಿ ನಕ್ಕಿದ್ದ. ಜೊತೆಗೆ ಒಂದು ಎಚ್ಚರಿಕೆಯನ್ನೂ ಕೊಟ್ಟಿದ್ದ. ಹೊರಗಿನ ಗದ್ದಲ ಹೋದರೆ ಒಳಗಿನ ಸಣ್ಣ ಸದ್ದೂ ಎದ್ದು ಕೇಳುತ್ತದೆ, ಆಮೇಲೆ ನನ್ನನ್ನು ಬೈಯಬೇಡ ಎಂದು.

ಈಗ ಬಾಗಿಲಿನ ಒಳಹಲಗೆ ಬಿಚ್ಚಿ ಕೆಳಗಿಟ್ಟಾಗಿತ್ತು. ಒಂದು ಬೋಲ್ಟೂ ಸಡಿಲವಿರಲಿಲ್ಲ. ಮೌನಿ ಬಂದು, ಹಾಳೆ ಹಾಕುವ ಮುಂಚೆ ಯಾವಾಗಲೂ ಮಾಡುವಂತೆ, ಬೆರಳ ಗೆಣ್ಣಿನಿಂದ ತಗಡನ್ನು ಎರಡು ಸಲ ತಟ್ಟಿದ. ಖಾಲಿ ಡಬ್ಬದ ಸದ್ದು ಬಂತು.

ಅವನು ಕೈ ಹಿಂದೆ ತೆಗೆದ ಮೇಲೆ ಇನ್ನೊಂದು ಸಲ ಬಂತು. ಒಂದೇ ಒಂದು.

ಹೆಂಡತಿಯ ಎರಡು ಕೈಯೂ ಹಾಳೆ ಒತ್ತುವ ರೋಲರಿನ ಮೇಲಿದ್ದವು. ಡ್ರೈವರ್ ಸ್ಟೂಲಿನಿಂದ ಎದ್ದಿರಲಿಲ್ಲ. ಹೆಂಡತಿ ಗಂಡನ ಕೈ ಹಿಡಿದು ಆ ಬೆಚ್ಚನೆಯ ಜಾಗದ ಮೇಲೆ ಇಟ್ಟಳು. ಇದನ್ನು ಮುಚ್ಚುವುದು ಬೇಡ ರೀ ಎಂದು ಅವಳು ಪಿಸುಗುಟ್ಟಿದಳು. ಆದರೆ ಡ್ರೈವರ್ ಅಲ್ಲಿಂದಲೇ, ಹಾಕಿ ಅಣ್ಣ, ಹಾಕಿಬಿಡಿ ಎಂದು ಗೋಗರೆದ.

ಉಳಿದ ಕಡೆ ತಗಡು ಕಾಯಿಸಿ, ಹಾಳೆ ಕಾಯಿಸಿ, ರೋಲರ್ ಒತ್ತಿ ಒತ್ತಿ ಇಬ್ಬರ ಭುಜವೂ ಬಿದ್ದುಹೋಯಿತು. ಆ ಅಂಗೈಯಗಲದಲ್ಲಿ ಮಾತ್ರ ಹಾಳೆ ತಾನಾಗಿಯೇ ಕಚ್ಚಿಕೊಂಡಿತು. ಎರಡನೆಯ ಪದರ ಹಾಕುವಾಗ ಹೆಂಡತಿ ಮೇಲಿಂದ ಮತ್ತೆ ಮುಟ್ಟಿ ನೋಡಿದಳು. ಬಿಸಿ ಮೇಲಕ್ಕೆ ಬಂದಿತ್ತು.

ಸಂಜೆಯ ಬೆಳಕಿನಲ್ಲಿ ಡ್ರೈವರ್ ಮೌನಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೊರಟ. ಒಳಗೆ ಹತ್ತಿಯಲ್ಲಿ ಸುತ್ತಿಟ್ಟಂಥ ನಿಶ್ಶಬ್ದ. ಲಾರಿಯೊಂದು ಪಕ್ಕದಲ್ಲೇ ಹಾದುಹೋದರೂ ಗೊತ್ತಾಗಲಿಲ್ಲ. ಡ್ರೈವರನ ಮುಖ ಅರಳಿತು. ತಿಂಗಳ ಮೇಲೆ ಮೊದಲ ಸಲ ಬೆನ್ನು ಸೀಟಿಗೆ ಆನಿಸಿ ಕೂತ. ಆಗ ಬಡಿತ ಕೇಳಿಸಿತು. ಅಡ್ಡ ಬರುವ ಸದ್ದು ಬೇರೆ ಯಾವುದೂ ಇಲ್ಲದ್ದರಿಂದ ಗೆಣ್ಣಿನ ಮೂಳೆ ತಾಗಿದ್ದೂ ಸ್ಪಷ್ಟವಾಗಿತ್ತು. ಡ್ರೈವರನ ಕಾಲು ಆಕ್ಸಿಲರೇಟರನ್ನು ಒತ್ತಿತು. ಮೌನಿಯ ಶೆಡ್ಡಿನ ಮುಂದೆ ಬಂದು ನಿಲ್ಲುವ ತನಕ ಇಬ್ಬರೂ ಹಿಂದೆ ತಿರುಗಲಿಲ್ಲ.

ಡ್ರೈವರ್ ಸ್ಟೇರಿಂಗಿನ ಮೇಲೆ ತಲೆಯಿಟ್ಟು ಅತ್ತ. ಮೌನಿ ಇಳಿದು ಬಂದು ಹೆಂಡತಿಯ ಪಕ್ಕ ನಿಂತ. ಅವನ ಮುಖ ನೋಡಿಯೇ ಅವಳಿಗೆ ಗೊತ್ತಾಯಿತು. ಅವಳು ಕಿಟಕಿಯ ಹತ್ತಿರ ಹೋಗಿ ಬಗ್ಗಿದಳು.

"ಬಡಿದಾಗ ಒಂದ್ಸಲನಾದ್ರೂ ನಿಲ್ಲಿಸಿದ್ದೀಯಾ ತಮ್ಮ?"

"ಇಲ್ಲ. ಹೆದರಿಕೆ ಆಗುತ್ತೆ. ಇನ್ನೂ ಜೋರಾಗಿ ಓಡಿಸ್ತೀನಿ."

"ಆವತ್ತೂ ಹಾಗೇ ಮಾಡಿದ್ದಲ್ವಾ," ಎಂದಳು. ಬೈದ ಹಾಗಿರಲಿಲ್ಲ.

ಡ್ರೈವರ್ ಮುಖ ಒರೆಸಿಕೊಂಡು, ಹೋಗಿ ಬರುತ್ತೇನೆ ಎಂದೂ ಹೇಳದೆ ಹೊರಟ. ಗಂಡ ಹೆಂಡತಿ ಶೆಡ್ಡಿನ ಬಾಗಿಲಲ್ಲಿ ನಿಂತು ನೋಡಿದರು. ನೀರಿನ ಟ್ಯಾಂಕಿನ ತಿರುವಿಗೆ ಇನ್ನೂ ಸ್ವಲ್ಪ ದೂರವಿರುವಾಗ ಕಾರಿನ ಬ್ರೇಕ್ ದೀಪ ಕೆಂಪಗೆ ಹೊತ್ತಿತು.

ಡ್ರೈವರ್ ಇಳಿದ. ಸುತ್ತಿಕೊಂಡು ಬಂದು ಹಿಂದಿನ ಎಡಬಾಗಿಲು ತೆರೆದು ಹಿಡಿದು ನಿಂತ. ಚಳಿಗಾಳಿಗೆ ಅವನ ಅಂಗಿ ಪಟಪಟ ಹೊಡೆದುಕೊಳ್ಳುತ್ತಿತ್ತು. ಕಾಯಿಲೆಯವರೊಬ್ಬರು ಕಾಲು ಕೆಳಗಿಟ್ಟು, ಸುಧಾರಿಸಿಕೊಂಡು, ಎದ್ದು ನಿಲ್ಲಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನಿಂತ. ನಡುವೆ ಒಂದು ಸಲ ಕೈ ಮುಂದೆ ಚಾಚಿದ. ಆಮೇಲೆ ಬಾಗಿಲನ್ನು ಮೆಲ್ಲಗೆ ಹಾಕಿದ. ಸದ್ದು ಇವರ ತನಕ ಬರಲಿಲ್ಲ.

ಅವನು ಮತ್ತೆ ಒಳಗೆ ಕೂತ. ಬ್ರೇಕ್ ದೀಪ ಆರಲಿಲ್ಲ. ಸೈಲೆನ್ಸರಿನಿಂದ ಬಿಳಿ ಹೊಗೆ ಏಳುತ್ತಿತ್ತು, ಎರಡು ಬಡಿತಕ್ಕೆ ಕಾಯುವ ಹಾಗೆ ಕಾರು ಮಾತ್ರ ಕದಲಲಿಲ್ಲ. ಮೌನಿ ಏನೂ ಮಾತಾಡಲಿಲ್ಲ. ಹೆಂಡತಿ ಅವನ ತೋಳು ಹಿಡಿದುಕೊಂಡಿದ್ದಳು.

ಆಮೇಲೆ ದೀಪ ಆರಿತು. ಕಾರು ನಿಧಾನವಾಗಿ ಹೊರಟಿತು.