ನಸ್ರೀನಳ ಹನ್ನೆರಡು ತಿಂಗಳು

ಬೆಟಗೇರಿಯ ಆ ಓಣಿಯಲ್ಲಿ ನಳಕ್ಕೆ ನೀರು ಬಂದು ಹನ್ನೊಂದು ದಿನವಾಗಿತ್ತು. ಹೆಣ್ಣುಮಕ್ಕಳೆಲ್ಲ ಅಲ್ಮಾಸಬಿಯ ಕಟ್ಟೆಯ ಮೇಲೆ ಸೇರಿ ನಗರಸಭೆಗೆ ಅರ್ಜಿ ಬರೆಸುತ್ತಿದ್ದರು. ಬರೆಯುತ್ತಿದ್ದವಳು ಅಲ್ಮಾಸಬಿಯ ಸೊಸೆ ನಸ್ರೀನ. ಶ್ರೀಲಂಕಾದ ಪುತ್ತಲಂ ಊರಿನ ಹುಡುಗಿ. ಕುವೈತಿನ ಹೊಲಿಗೆ ಅಂಗಡಿಯಲ್ಲಿ ಜತೆಗೆ ಕೆಲಸ ಮಾಡುತ್ತಿದ್ದ ಶಾಹಬಾಜನನ್ನು ಮದುವೆಯಾಗಿ ಬಂದು ಒಂಬತ್ತು ವರ್ಷ ತುಂಬಿತ್ತು. ಬಂದಾಗ ಕನ್ನಡದ ಒಂದಕ್ಷರವೂ ಬಾರದಿದ್ದವಳು ಈಗ ಅರ್ಜಿಯಲ್ಲಿ ನಗರಸಭೆಯನ್ನು ಎಷ್ಟು ನಯವಾಗಿ ಬೈದಿದ್ದಳೆಂದರೆ, ಓದಿದವರಿಗೆ ನಾಚಿಕೆಯಾಗಬೇಕು, ಸಿಟ್ಟು ಬರಬಾರದು.

ಎಲ್ಲರೂ ಸಹಿ ಮಾಡಿ, ಮುಂದೆ ತಮ್ಮ ಓಟಿನ ಕಾರ್ಡಿನ ನಂಬರ್ ಹಾಕಿದರು. ನಸ್ರೀನಳ ಸರದಿ ಬಂದಾಗ ಪಕ್ಕದ ಮನೆಯ ಉಡಚವ್ವ, “ನಿಂದ್ಯಾಕವಾ? ನಿನಗ ಓಟ ಎಲ್ಲೈತಿ?” ಎಂದುಬಿಟ್ಟಳು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನಸ್ರೀನ ನಕ್ಕು ಪೆನ್ನು ಕೆಳಗಿಟ್ಟಳು. ಆ ನಗೆ ಅಲ್ಮಾಸಬಿಯ ಎದೆಗೆ ಚುಚ್ಚಿತು.

“ಆಧಾರ ಕಾರ್ಡ ಐತಲ್ಲ ಇಕಿಗೆ! ಮತ್ತೇನ ಬೇಕು?” ಎಂದು ಅತ್ತೆ ಸಿಡಿದಳು.

ಆ ಮಾತಿಗೆ ಉತ್ತರ ಕೊಟ್ಟವಳು ದುರ್ಗಾ. ಮಗ್ಗದ ಸೀರೆ ಮಡಚುವ ಕೆಲಸ ಮಾಡುತ್ತ, ವಾರಕ್ಕೆರಡು ದಿನ ಉಚಿತ ಕಾನೂನು ನೆರವಿನ ಕೇಂದ್ರದಲ್ಲಿ ಸ್ವಯಂಸೇವಕಿಯಾಗಿ ಕೂಡುವವಳು.

“ಆಧಾರ ಇದ್ದ ಮಾತ್ರಕ್ಕ ಭಾರತದ ಪ್ರಜೆ ಆಗೂದಿಲ್ಲ ಚಾಚಿ. ಪರದೇಶದವರು ಇಲ್ಲಿ ಇದ್ರ ಅವರಿಗೂ ಆಧಾರ ಸಿಗತೈತಿ.”

“ಹಂಗಾರ ಯಾರಿಗರೆ ಹೇಳಿ ಓಟಿನ ಪಟ್ಟ್ಯಾಗ ಹೆಸರ ಸೇರಸೂಣು.”

“ಅಷ್ಟ ಮಾತ್ರ ಮಾಡಬ್ಯಾಡ್ರಿ! ಸುಳ್ಳ ಬರದ ಕೊಟ್ರ ಗುನ್ಹೆ ಆಕ್ಕೈತಿ. ನಾಳೆ ಖರೆ ಅರ್ಜಿ ಹಾಕಾಕ ಹೋದ್ರ ಅದ ಅಡ್ಡ ಬರತೈತಿ. ನೆಟ್ಟನ ದಾರಿ ಇರೂವಾಗ ಸುತ್ತ ಯಾಕ ಹೋಗ್ತೀರಿ?”

ದುರ್ಗಾ ಕಟ್ಟೆಯ ಮೇಲೆ ಸರಿಯಾಗಿ ಕುಳಿತಳು. “ಭಾರತದವರನ್ನ ಮದವಿ ಆದವರು ಏಳ ವರ್ಷ ಇಲ್ಲಿದ್ದು ನೋಂದಣಿಗೆ ಅರ್ಜಿ ಹಾಕಬಹುದು. ಆದ್ರ ಲೆಕ್ಕ ಹಿಂಗೈತಿ: ಅರ್ಜಿ ಹಾಕೂ ಮುಂಚಿನ ಹನ್ನೆರಡ ತಿಂಗಳ ದೇಶ ಬಿಟ್ಟ ಹೋಗಿರಬಾರದು. ಅದಕ್ಕೂ ಹಿಂದಿನ ಎಂಟ ವರ್ಷದಾಗ ಒಟ್ಟ ಆರ ವರ್ಷ ಇಲ್ಲೇ ಇದ್ದಿರಬೇಕು. ನಸ್ರೀನ, ನೀ ಕಡೀಕ ಊರಿಂದ ಬಂದದ್ದ ಯಾವಾಗ?”

“ಅಪ್ಪಾಗ ಆರಾಮ ಇರಲಿಲ್ಲಂತ ಹೋಗಿ ಬಂದ ಹತ್ತ ತಿಂಗಳಾತು. ಎಲ್ಲಾ ಸೇರಿ ಒಂದ ವರ್ಷ ಹೊರಗಿದ್ದೀನಿ, ಅಷ್ಟ.”

“ಮತ್ತೇನ! ಇನ್ನ ಎರಡ ತಿಂಗಳ!”

ಎಲ್ಲರೂ ಖುಷಿಯಾದರು, ಅಲ್ಮಾಸಬಿಯೊಬ್ಬಳನ್ನು ಬಿಟ್ಟು. ಯಾಕೆಂದರೆ ಒಂಬತ್ತು ವರ್ಷಕ್ಕೆ ಸೊಸೆ ಬಸುರಾಗಿದ್ದಳು. ಈಗ ಏಳನೇ ತಿಂಗಳು. ಬರುವ ಶುಕ್ರವಾರ ಕುಬಸ ಮಾಡಿ, ಹಸಿರು ಬಳೆ ಇಡಿಸಿ, ಮರುದಿನವೇ ತವರಿಗೆ ವಿಮಾನ ಹತ್ತಿಸುವುದೆಂದು ಅಲ್ಮಾಸಬಿ ಊರಿಗೆಲ್ಲ ಹೇಳಿಯಾಗಿತ್ತು.

“ಚೊಚ್ಚಲ ಬಾಣಂತನ ತವರಾಗ ಆಗಬೇಕು. ನನ್ನ ಸೊಸಿಗೆ ತಾಯಿ ಇಲ್ಲೇನ?” ಎಂದಳು.

“ಈಗ ಹೋದ್ರ ನಾಕ ತಿಂಗಳ ಆದ್ರೂ ಬೇಕು. ಬಂದ ಮ್ಯಾಲ ಆ ಹನ್ನೆರಡ ತಿಂಗಳ ಮತ್ತ ಮೊದಲಿಂದ ಎಣಸಬೇಕಾಗತೈತಿ. ಖಾಸ ಕಾರಣ ಇದ್ರ ಸರಕಾರ ಮೂವತ್ತ ದಿನದ ತನಕ ರಿಯಾಯತಿ ಕೊಡಬಹುದು. ಅದೂ ಅವರ ಮನಸ್ಸ.”

“ಎಣಸ್ಲಿ ಬಿಡು! ಮತ್ತೊಂದ ಮಾತು, ಹಳೇ ಪೌರತ್ವ ಬಿಡಬೇಕಂತಲ್ಲ? ಅಂದ್ರ ಅಕಿಗೆ ತವರ ಹರದಂಗ ಅಲ್ಲೇನ?”

ಅಸಲಿ ಭಯ ಇದೇ ಆಗಿತ್ತು. ಸ್ವತಃ ಅಲ್ಮಾಸಬಿ ಹತ್ತಿರದ ಹರ್ತಿ ಊರಿನ ತವರಿಗೆ ವರ್ಷಗಟ್ಟಲೆ ಹೋಗಲಾಗದೆ ಒಳಗೊಳಗೇ ಅತ್ತವಳು. ಆ ಸಂಕಟ ಸೊಸೆಗೆ ಬೇಡವೆಂದು ಅವಳ ಹಟ.

“ಎರಡು ದೇಶದ ಪೌರತ್ವ ಇಟಗೊಳ್ಳಾಕ ನಮ್ಮ ಕಾನೂನು ಬಿಡೂದಿಲ್ಲ, ಖರೆ. ಆದ್ರ ಬದಲಾಗೂದು ಪಾಸ್ಪೋರ್ಟ ಚಾಚಿ, ತಾಯಿ ಅಲ್ಲ. ಇಲ್ಲಿಂದ ವೀಸಾ ತಗೊಂಡು ಯಾವಾಗ ಬೇಕಾದ್ರೂ ಹೋಗಿ ಬರ್ತಾಳ,” ಎಂದು ದುರ್ಗಾ ನಕ್ಕಳು. “ಮಗಳ ತವರಿಗೆ ಹೋಗಾಕ ಆಗದಿದ್ರ, ತವರನ್ನ ಇಲ್ಲಿಗೆ ಕರಸ್ರಿ. ಅವರ ತಾಯಿಗೆ ವೀಸಾ ಮಾಡಸ್ರಿ.”

ಅಲ್ಮಾಸಬಿ ಸೊಸೆಯ ಮುಖ ನೋಡಿದಳು. “ನಿನ್ನ ಮನಸ್ಸಿನ್ಯಾಗ ಏನೈತಿ, ಹೇಳ.”

“ಅಮ್ಮಾ, ವರ್ಷಾ ವರ್ಷಾ ವೀಸಾದ ಕಾಗದ ಹಿಡಕೊಂಡು, ಇರಲೇನ ಅಂತ ಕೇಳಿ ಕೇಳಿ ಸಾಕಾಗೈತಿ. ಇದು ನನ್ನ ಮನಿ.”

ಇಷ್ಟಕ್ಕೆ ಅಲ್ಮಾಸಬಿಯ ಹಟ ಕರಗಿ ನೀರಾಯಿತು. ಸೆರಗಿನಿಂದ ಕಣ್ಣೊರೆಸಿಕೊಂಡು, ಅದೇ ಉಸಿರಿನಲ್ಲಿ ಮಗನನ್ನು ಕೂಗಿದಳು. “ಶಾಹಬಾಜ! ನಿಮ್ಮ ಅತ್ತಿ ಬೀಬಿಗೆ ಫೋನ ಹಚ್ಚ ಜಲ್ದಿ!”

ಎರಡು ವಾರದಲ್ಲಿ ನಸ್ರೀನಳ ಉಮ್ಮ, ಅಂದರೆ ಅವ್ವ, ಒಣಮೀನಿನ ಡಬ್ಬಿ ಸಮೇತ ಗದಗ ಸ್ಟೇಶನ್ನಿನಲ್ಲಿ ಇಳಿದರು. ಇಬ್ಬರು ಬೀಗತಿಯರಿಗೂ ಒಬ್ಬರ ಮಾತು ಒಬ್ಬರಿಗೆ ತಿಳಿಯದು. ಆದರೂ ಬಾಣಂತಿಗೆ ಏನು ತಿನ್ನಿಸಬೇಕೆಂಬ ವಿಷಯದಲ್ಲಿ ಮೊದಲ ದಿನವೇ ಚೆನ್ನಾಗಿ ಜಗಳಾಡಿದರು. ಹೆಣ್ಣು ಕೂಸು ಹುಟ್ಟಿತು. ರುಹಿ ಎಂದು ಹೆಸರಿಟ್ಟರು. ಅಪ್ಪ ಭಾರತೀಯ, ಅವ್ವ ಕಾನೂನು ಪ್ರಕಾರ ವೀಸಾದ ಮೇಲೆ ಇದ್ದವಳು. ಹೀಗಾಗಿ ಇಲ್ಲಿ ಹುಟ್ಟಿದ ರುಹಿ ಹುಟ್ಟುತ್ತಲೇ ಭಾರತದ ಪ್ರಜೆ. “ಅವ್ವಗಿಂತ ಮಗಳ ಮುಂದ!” ಎಂದು ಶಾಹಬಾಜ ಹೆಂಡತಿಯನ್ನು ಕಾಡಿಸಿದ.

ಹನ್ನೆರಡು ತಿಂಗಳು ತುಂಬಿದ ಮೇಲೆ ದುರ್ಗಾಳ ಸಹಾಯದಿಂದ ಕೇಂದ್ರ ಗೃಹ ಸಚಿವಾಲಯದ ವೆಬ್‌ಸೈಟಿನಲ್ಲಿ ಅರ್ಜಿ ಹಾಕಿದರು. ನಸ್ರೀನಳ ಪಾಸ್ಪೋರ್ಟ್ ಮತ್ತು ವಾಸದ ಪರವಾನಿಗೆ, ಮದುವೆ ನೋಂದಣಿ ಪತ್ರ, ಶಾಹಬಾಜ ಭಾರತೀಯನೆಂಬುದಕ್ಕೆ ದಾಖಲೆ, ಎಲ್ಲವನ್ನೂ ಜಿಲ್ಲಾಧಿಕಾರಿ ಕಚೇರಿಗೆ ಕೊಟ್ಟರು.

“ಇಲ್ಲಿಯವರನ್ನ ಮದವಿ ಆಗದ ಬಂದವರು ಏನ ಮಾಡಬೇಕು?” ಎಂದು ಶಾಹಬಾಜ ಕೇಳಿದ.

“ಅವರಿಗೆ ದೇಶೀಕರಣ ಅಂತ ಬ್ಯಾರೆ ದಾರಿ. ಕಡೀ ಹನ್ನೆರಡ ತಿಂಗಳ, ಅದರ ಹಿಂದಿನ ಹದಿನಾಕ ವರ್ಷದಾಗ ಹನ್ನೊಂದ ವರ್ಷ ಇಲ್ಲಿರಬೇಕು. ಗುಣ ನಡತಿ ಚೊಲೊ ಇರಬೇಕು. ಸಂವಿಧಾನದ ಎಂಟನೇ ಅನುಸೂಚಿಯೊಳಗಿನ ಒಂದ ಭಾಷಾ ಬರಬೇಕು. ಅದರಾಗ ನಮ್ಮ ಕನ್ನಡಾನೂ ಐತಿ,” ಎಂದಳು ದುರ್ಗಾ.

ವಿಚಾರಣೆಗೆಂದು ಪೊಲೀಸರು ಓಣಿಗೆ ಬಂದು, “ಈ ಹುಡುಗಿ ಹೆಂಗ?” ಎಂದು ಕೇಳಿದರು. ದಿನಕ್ಕೆ ಹತ್ತು ಸಲ ಸೊಸೆಯನ್ನು ಬೈಯುವ ಅಲ್ಮಾಸಬಿ ಅರ್ಧ ತಾಸು ಹೊಗಳಿದಳು. ಉಡಚವ್ವ ಬಾಯಿ ಬಿಟ್ಟು ಕೇಳಿದಳು.

ಬಹಳ ದಿನ ಹಿಡಿಯಿತು, ಆದರೆ ಕೆಲಸ ಆಯಿತು. ಅರ್ಜಿ ಒಪ್ಪಿಗೆಯಾಗಿ, ಹಳೆಯ ಪೌರತ್ವ ಬಿಟ್ಟ ಪತ್ರ ಕೊಟ್ಟು, ನಿಷ್ಠೆಯ ಪ್ರಮಾಣ ಮಾಡಿ ನಸ್ರೀನ ಪ್ರಮಾಣಪತ್ರ ಕೈಯಲ್ಲಿ ಹಿಡಿದಳು. ಅಲ್ಮಾಸಬಿ ಕಚೇರಿಯ ಮೆಟ್ಟಿಲ ಮೇಲಿಂದಲೇ ಊರಿಗೆ ಮರಳಿದ್ದ ಉಮ್ಮನಿಗೆ ವಿಡಿಯೋ ಕಾಲ್ ಹಚ್ಚಿಸಿದಳು.

“ಬೀಬಿ, ಇನ್ನ ಇಕಿ ನಮ್ಮ ದೇಶದಾಕಿ. ನಿಮಗ ಬ್ಯಾಸರ ಇಲ್ಲಲ್ಲ?”

ನಾಲ್ಕು ತಿಂಗಳ ಬಾಣಂತನದಲ್ಲಿ ಕಲಿತ ಕನ್ನಡವನ್ನೆಲ್ಲ ಕೂಡಿಸಿ ಆ ತಾಯಿ ಹೇಳಿದರು: “ಮಗಳು ನಂದು ಇಲ್ಲ. ಮಗಳು ನಿಂದು ಇಲ್ಲ. ಮಗಳು ಎರಡು ಮನಿದು.”

ಅಲ್ಮಾಸಬಿ ದೊಡ್ಡ ದನಿಯಲ್ಲಿ ಅತ್ತಳು. ಅವಳನ್ನು ನೋಡಿ ಫೋನಿನ ಆಚೆಗೂ ಅಳು ಶುರುವಾಯಿತು. ನಸ್ರೀನ ಮಾತ್ರ ಇಬ್ಬರನ್ನೂ ನೋಡಿ ನಗುತ್ತಿದ್ದಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಗೂ ಹೊರದೇಶದ ಸೊಸೆಯೋ ಅಳಿಯನೋ ಬಂದಿದ್ದಾರೆಯೆ? ಅವರ ವೀಸಾ ಅವಧಿ ಮೀರಲು ಬಿಡಬೇಡಿ. ಮದುವೆಯನ್ನು ನೋಂದಣಿ ಮಾಡಿಸಿ. ಊರಿಗೆ ಹೋಗಿ ಬಂದ ತಾರೀಕುಗಳನ್ನು ಬರೆದಿಡಿ. ಟಿಕೆಟ್ ತೆಗೆಸುವ ಮುಂಚೆ ಹನ್ನೆರಡು ತಿಂಗಳ ಲೆಕ್ಕ ಹಾಕಿ. ಅಡ್ಡದಾರಿ ತೋರಿಸುವವರ ಮಾತು ಕೇಳದೆ, ಜಿಲ್ಲಾಧಿಕಾರಿ ಕಚೇರಿಯಲ್ಲಿ ಇಲ್ಲವೇ ಉಚಿತ ಕಾನೂನು ನೆರವಿನ ಕೇಂದ್ರದಲ್ಲಿ ವಿಚಾರಿಸಿ. ನಿಮ್ಮನ್ನು ನಂಬಿ ಸಮುದ್ರ ದಾಟಿ ಬಂದವರ ಕೈಹಿಡಿದು ಆ ಕಚೇರಿಯ ತನಕ ನೀವೇ ಕರೆದುಕೊಂಡು ಹೋಗಿ.