ತಾಳೆಯಾದ ಓಲೆ

ಒಂದೂರಿನಲ್ಲಿ ಒಂದು ಓಲೆಮನೆಯಿತ್ತು. ಊರಿನಲ್ಲಿ ಯಾರು ಏನು ಕಂಡುಕೊಂಡರೂ ಅದನ್ನು ಓಲೆಯ ಮೇಲೆ ಬರೆದು ಅಲ್ಲಿಗೆ ತಂದುಕೊಡಬೇಕು. ಕೊಡುವುದೇನೋ ಸುಲಭ. ಲಕ್ಷಗಟ್ಟಲೆ ಓಲೆಗಳ ನಡುವಿನಿಂದ ಬೇಕಾದ್ದನ್ನು ಹುಡುಕಿ ತೆಗೆಯುವುದು ಯಾರಪ್ಪನಿಂದಲೂ ಆಗುತ್ತಿರಲಿಲ್ಲ. ಅದಕ್ಕೆಂದೇ ಒಂದು ಇರುವೆಯನ್ನೂ ಒಂದು ಕಾಗೆಯನ್ನೂ ನೇಮಿಸಿದ್ದರು.

ಇರುವೆ ಕಟ್ಟುಗಳ ಚೀಟಿ ಓದಿ, ಹೆಸರು ಹೊಂದಿದ ಕಟ್ಟನ್ನಷ್ಟೇ ಬಿಚ್ಚುತ್ತಿತ್ತು. ಕಾಗೆಗೆ ಚೀಟಿಯ ಗೊಡವೆಯೇ ಇಲ್ಲ. ಹೇಳಿದ ಮಾತು ಯಾವ ಓಲೆಯಲ್ಲಿ ಕಂಡರೂ ಕಚ್ಚಿ ತರುತ್ತಿತ್ತು. ಇಬ್ಬರಿಗೂ ತಮ್ಮ ದಾರಿಯೇ ದೊಡ್ಡದು. ಹೀಗಾಗಿ ಮುಖ್ಯಸ್ಥನಾದ ಆಮೆ ಒಂದು ಕಟ್ಟಳೆ ಮಾಡಿತ್ತು: ಇಬ್ಬರೂ ಬೇರೆಬೇರೆಯಾಗಿ ಹುಡುಕಬೇಕು, ಎರಡು ಪಟ್ಟಿಗಳಲ್ಲೂ ತಾಳೆಯಾದ ಓಲೆಯನ್ನು ಮಾತ್ರ ಹೊರಗೆ ಕೊಡಬೇಕು. ಕೇಳಲು ನ್ಯಾಯವಾಗಿಯೇ ಇದೆ, ಅಲ್ಲವೇ? ನನಗೂ ಮೊದಲು ಹಾಗೇ ಅನ್ನಿಸಿತ್ತು.

ಒಂದು ದಿನ ಚಿಕ್ಕತಾಯಮ್ಮ ಎಂಬ ಕೂಲಿಯಾಕೆ ನಾಲ್ಕು ವರ್ಷದ ಮಗಳು ಕೆಂಪಿಯ ಕೈಹಿಡಿದು ಬಂದಳು.

"ಹಗಲೆಲ್ಲ ಚೆನ್ನಾಗೇ ಆಡ್ತಾಳೆ ಸ್ವಾಮಿ. ದೀಪ ಹಚ್ಚೋ ಹೊತ್ತಾದ್ರೆ ಹೊಸಿಲು ಕಾಣ್ದೆ ಎಡವಿ ಬೀಳ್ತಾಳೆ. ಇನ್ನು ಹಗಲೂ ಕತ್ಲಾಗ್ಬಿಟ್ರೆ ಏನ್ಮಾಡ್ಲಿ ಅಂತ ಜೀವ ಹೊಡ್ಕೊಳ್ತದೆ."

"ಹೆದರಬೇಡ ತಾಯಿ, ಹುಡುಕಿಸುತ್ತೇನೆ" ಎಂದಿತು ಆಮೆ.

ಇರುವೆ 'ಕಣ್ಣಿನ ರೋಗಗಳು' ಎಂಬ ಕಟ್ಟು ಬಿಚ್ಚಿ ಒಂಬತ್ತು ಓಲೆ ತಂದಿತು. ಎಲ್ಲವೂ ಮುದುಕರ ಪೊರೆಯ ವಿಚಾರ. ಪಂಡಿತರು ಬರೆದದ್ದು, ಅವರು ಕಣ್ಣನ್ನು ಕಣ್ಣು ಅನ್ನುತ್ತಾರೆಯೇ? ಎಲ್ಲ ಕಡೆಯೂ 'ನೇತ್ರ'ವೇ. ಕಾಗೆ 'ಕಣ್ಣು' ಎಂಬ ಮಾತು ಹಿಡಿದು ಹೊರಟು ಮುನ್ನೂರ ನಲವತ್ತು ಓಲೆ ರಾಶಿ ಹಾಕಿತು. ಅದರಲ್ಲಿ ತೆಂಗಿನಕಾಯಿಯ ಕಣ್ಣಿತ್ತು, ನವಿಲುಗರಿಯ ಕಣ್ಣಿತ್ತು, ದೃಷ್ಟಿ ತೆಗೆಯುವ ಹಾಡಿತ್ತು. ಇವುಗಳ ನಡುವೆ ಯಾವಳೋ ಅಜ್ಜಿ ಬರೆಸಿದ ಒಂದು ಓಲೆಯೂ ಇತ್ತು: 'ಸಂಜೆ ಕಣ್ಣು ಕಾಣದ ಮಗುವಿಗೆ ದಿನಾ ನುಗ್ಗೆಸೊಪ್ಪು ಬೇಯಿಸಿ ಉಣ್ಣಿಸಿ.'

ಆದರೆ ಎರಡು ಪಟ್ಟಿಗಳಲ್ಲಿ ಒಂದಾದರೂ ತಾಳೆಯಾಗಬೇಕಲ್ಲ!

"ಇದೇನು ಹುಡುಕೋದೋ, ಕಸ ಬಾಚೋದೋ?" ಎಂದಿತು ಇರುವೆ.

"ನಿನ್ನ ಒಂಬತ್ತರಲ್ಲಿ ಮಗುವಿನದು ಒಂದಾದರೂ ಇದೆಯಾ?" ಎಂದಿತು ಕಾಗೆ.

ಆಮೆಗೆ ಕುತೂಹಲ ಕೆರಳಿತು. ನಿಜಕ್ಕೂ ಯಾವ ದಾರಿ ಮೇಲು? ಕಡಿಮೆ ತಂದು ಬೇಕಾದ್ದನ್ನು ಬಿಡುವುದೋ, ಎಲ್ಲವನ್ನೂ ತಂದು ಬೇಕಾದ್ದನ್ನು ಮುಚ್ಚುವುದೋ? ಪ್ರಶ್ನೆ ಸೊಗಸಾಗಿಯೇ ಇತ್ತು. ಮೂವರೂ ಗೆರೆ ಎಳೆದು, ಕೋಷ್ಟಕ ಬರೆದು, ಹೋಲಿಸಲು ಕೂತರು. ಅಜ್ಜಿಯ ಓಲೆ ಅವರ ಮೊಣಕೈ ಕೆಳಗೇ ಬಿದ್ದಿತ್ತು.

ಚಿಕ್ಕತಾಯಮ್ಮ ದಿನವೂ ಬಂದು ಅಂಗಳದ ನುಗ್ಗೆಮರದ ಕೆಳಗೆ ಕೂರುತ್ತಿದ್ದಳು.

"ಆಯ್ತಾ ಸ್ವಾಮಿ?"

"ಹೋಲಿಸುತ್ತಿದ್ದೇವೆ ತಾಯಿ."

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಕಾದು ಕೂತವಳಿಗೆ ಕೂಲಿ ಎಲ್ಲಿಂದ ಬರಬೇಕು? ಮನೆಯಲ್ಲಿ ಬೇಳೆ ಮುಗಿದಿತ್ತು. ಏಳುವಾಗ ಮಡಿಲ ತುಂಬ ಆ ಮರದ ಸೊಪ್ಪು ಕಿತ್ತುಕೊಂಡು ಹೋಗಿ ಅದನ್ನೇ ಬೇಯಿಸಿ ಮಗಳಿಗೆ ಉಣ್ಣಿಸುತ್ತಿದ್ದಳು. ವಾರಗಳು ಕಳೆದವು. ಒಂದು ಮುಸ್ಸಂಜೆ ಕೆಂಪಿ ಕೋಳಿಮರಿಯ ಹಿಂದೆ ಓಡುತ್ತಾ ಹೊಸಿಲನ್ನು ತಾನೇ ದಾಟಿ ಹೋದಳು. ತಾಯಿ ಒಲೆಯ ಮುಂದೆ ಕೂತಲ್ಲೇ ಗೊಳೋ ಎಂದು ಅತ್ತುಬಿಟ್ಟಳು.

ಮರುದಿನ ಓಡಿ ಬಂದು, ನುಗ್ಗೆಸೊಪ್ಪು ಉಂಡು ಮಗಳಿಗೆ ಸಂಜೆಯೂ ಕಣ್ಣು ಕಾಣುತ್ತಿದೆಯೆಂದು ಹೇಳಿದಳು.

"ಸಂತೋಷ. ಎಷ್ಟನೇ ಓಲೆಯಲ್ಲಿದೆ ಅದು?" ಎಂದಿತು ಆಮೆ.

"ಓಲೇಲಲ್ಲ ಸ್ವಾಮಿ, ನಿಮ್ಮ ಅಂಗಳದ ಮರದಲ್ಲಿ."

"ಎಲ್ಲೋ ನೋಡಿದ ಹಾಗಿದೆ" ಎಂದು ಕಾಗೆ ತಲೆ ಕೆರೆದುಕೊಂಡಿತು. "ನನ್ನ ಪಟ್ಟಿಯಲ್ಲಿಲ್ಲ" ಎಂದಿತು ಇರುವೆ. ಅಲ್ಲಿಗೆ ಆ ಮಾತು ಮುಗಿಯಿತು.

ಹೋಲಿಕೆಯೂ ಕೊನೆಗೊಮ್ಮೆ ಮುಗಿದು ಒಂದು ಓಲೆಗೆ ಇಳಿಯಿತು: 'ಸಂಜೆ ಕಣ್ಣು ಕಾಣದ ಮಗುವಿನ ವಿಚಾರದಲ್ಲಿ ಎರಡು ದಾರಿಗಳ ತುಲನೆ. ಎರಡರಲ್ಲೂ ಗುಣವಿದೆ, ಎರಡರಲ್ಲೂ ದೋಷವಿದೆ. ಇನ್ನಷ್ಟು ಹೋಲಿಸಬೇಕು.' ಅದನ್ನು 'ಕಣ್ಣಿನ ರೋಗಗಳು' ಕಟ್ಟಿಗೆ ಸೇರಿಸಿದರು. ಇನ್ನಷ್ಟು ಹೋಲಿಸಲು ಒಂದು ಹೊಸ ಕೋಣೆ ಬೇಕಲ್ಲ? ಅಂಗಳದ ನುಗ್ಗೆಮರ ಕಡಿಸಿದರು. ಚಿಕ್ಕತಾಯಮ್ಮ ಹೊಟ್ಟೆ ಉರಿದುಕೊಂಡು ಒಂದು ಕೊಂಬೆ ಹೊತ್ತೊಯ್ದು ತನ್ನ ಹಿತ್ತಿಲಲ್ಲಿ ನೆಟ್ಟಳು. ನುಗ್ಗೆ ಹಟಮಾರಿ, ಚಿಗುರಿತು.

ಎರಡು ವರ್ಷದ ಮೇಲೆ ಸಾಕಮ್ಮ ಎಂಬವಳು ಅದೇ ಕಷ್ಟ ಹೇಳಿಕೊಂಡು ಮಗನನ್ನು ಕರೆತಂದಳು. ಇರುವೆ ಹುಡುಕಿತು, ಕಾಗೆ ಹುಡುಕಿತು. ಎಂಥ ಆಶ್ಚರ್ಯ! ಮೊದಲ ಬಾರಿಗೆ ಒಂದು ಓಲೆ ತಾಳೆಯಾಯಿತು. ಕಟ್ಟೂ ಸರಿ, ಮಾತೂ ಸರಿ: ತುಲನೆಯ ಓಲೆ. ಆಮೆ ಕಣ್ಣಲ್ಲಿ ನೀರು ತುಂಬಿಕೊಂಡು ಅದನ್ನು ಎರಡೂ ಕೈಯಿಂದ ಸಾಕಮ್ಮನಿಗೆ ಕೊಟ್ಟಿತು.

ಸಾಕಮ್ಮನಿಗೆ ಓದು ಬಾರದು. ದಾರಿಯಲ್ಲಿ ಬೇಲಿಯಾಚೆಯಿಂದ ಚಿಕ್ಕತಾಯಮ್ಮ ಕೇಳಿದಳು, "ಯಾಕವ್ವ, ಕೂಸು ಎಡವ್ತದಾ?" ಕೇಳಿದವಳೇ ಒಂದು ಹೊರೆ ನುಗ್ಗೆಸೊಪ್ಪು ಮುರಿದಳು. ಕಟ್ಟಲು ಏನೂ ಸಿಗಲಿಲ್ಲ.

"ಆ ಗರಿ ಕೊಡು ಇಲ್ಲಿ" ಎಂದು ಓಲೆಯನ್ನು ಉದ್ದಕ್ಕೆ ಸೀಳಿ ಹೊರೆ ಬಿಗಿದಳು. "ದಿನಾ ಬೇಯ್ಸಿ ಉಣ್ಸು. ಮುಗಿದ ಮೇಲೆ ಮತ್ತೆ ಬಾ."

ಹುಡುಗ ಚೇತರಿಸಿಕೊಂಡ. ಸಾಕಮ್ಮ ಋಣ ಮರೆಯುವವಳಲ್ಲ; ಕಾಯಿ, ವೀಳ್ಯದೆಲೆ ಹಿಡಿದು ಓಲೆಮನೆಗೆ ಹೋಗಿ, "ನೀವು ಕೊಟ್ಟ ಓಲೆ ಬಲು ಉಪಯೋಗಕ್ಕೆ ಬಂತು ಸ್ವಾಮಿ" ಎಂದು ಕೈಮುಗಿದಳು.

ಆಮೆ ಅಂದೇ ಅದನ್ನು ದಾಖಲು ಮಾಡಿಸಿತು. ತಾಳೆಯಾದ ಓಲೆಯಿಂದ ಮಗು ಗುಣವಾಯಿತೆಂದು ಊರೆಲ್ಲ ಸಾರಿಸಿ, ಸಾವಿರ ಪ್ರತಿ ಮಾಡಿಸಿ ತಾಯಂದಿರಿಗೆ ಹಂಚಿತು. ಅದನ್ನು ಓದಿದವರು ಇನ್ನೂ ಯಾರೂ ಸಿಕ್ಕಿಲ್ಲ. ಚಿಕ್ಕತಾಯಮ್ಮನಿಗೆ ಮಾತ್ರ ಸೊಪ್ಪು ಕಟ್ಟಲು ಈಗ ಗರಿಯ ಕೊರತೆಯಿಲ್ಲ.